ಪುರಾಣವೆಂಬ ಹೆಸರು, ವೇದವೆಂಬ ಹೆಸರು: ಗೋವೆಯ ‘ಕ್ರಿಸ್ತಪುರಾಣ’ದಿಂದ ಕನ್ನಡದ ‘ಸತ್ಯವೇದ’ದವರೆಗೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ಪುರಾಣ’ ಎಂಬುದು ಅಪರಿಚಿತ ಪದವಲ್ಲ. ಪಂಪನ ಆದಿಪುರಾಣ (941), ಭೀಮಕವಿಯ ಬಸವಪುರಾಣ (1369), ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ (1584) ಇವುಗಳನ್ನು ನೀವು ಸಾಹಿತ್ಯಚರಿತ್ರೆಯಲ್ಲಿ ಓದಿದ್ದೀರಿ. ಈ ಮೂರೂ ಹದಿನೆಂಟು ಮಹಾಪುರಾಣಗಳ ಸಾಲಿಗೆ ಸೇರಿದವಲ್ಲ. ಜೈನನೊಬ್ಬನು ತೀರ್ಥಂಕರನ ಚರಿತೆಯನ್ನು ಪುರಾಣವೆಂದ. ವೀರಶೈವರು ತಮ್ಮ ಶರಣರ ಚರಿತೆಯನ್ನು ಪುರಾಣವೆಂದರು. ಅಂದರೆ ನಮ್ಮ ಭಾಷೆಯಲ್ಲಿ ಪುರಾಣವು ಒಂದು ಮತದ ಸೊತ್ತಾಗಿರಲಿಲ್ಲ. ಯಾವ ಮತದವರಾದರೂ ತಮ್ಮ ಪರಮಪುರುಷನನ್ನು ಜನರ ಮುಂದೆ ನಿಲ್ಲಿಸಲು ಬಳಸಬಹುದಾದ ಪಾತ್ರೆಯಾಗಿತ್ತು. ಚೆನ್ನಬಸವಪುರಾಣ ರಚನೆಯಾಗುತ್ತಿದ್ದ ವರ್ಷಗಳಲ್ಲೇ ಗೋವೆಯ ಸಾಷ್ಟಿ ಪ್ರಾಂತದಲ್ಲಿ ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಪಾದ್ರಿಯೊಬ್ಬನು ನೆಲದ ಭಾಷೆಗಳನ್ನು ಕಲಿಯುತ್ತಿದ್ದನು. ಅವನ ಹೆಸರು ತಾಮಸ್ ಸ್ಟೀಫನ್ಸ್. ಗೋವೆಗೆ ಬಂದದ್ದು 1579ರ ಅಕ್ಟೋಬರಿನಲ್ಲಿ, ತೀರಿಕೊಂಡದ್ದು 1619ರಲ್ಲಿ. 1616ರಲ್ಲಿ ರಾಚೋಲಿನಲ್ಲಿ ಅವನ ಮಹಾಕೃತಿ ಅಚ್ಚಾಯಿತು. ಅದನ್ನು ನಾವಿಂದು ‘ಕ್ರಿಸ್ತಪುರಾಣ’ ಎಂದು ಕರೆಯುತ್ತೇವೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಸ್ಟೀಫನ್ಸನ ವ್ಯಾಕರಣವೊಂದು ಅವನ ಮರಣಾನಂತರ 1640ರಲ್ಲಿ ರಾಚೋಲಿನಲ್ಲಿಯೇ ಪ್ರಕಟವಾಯಿತು. ಅದರ ಪೋರ್ತುಗೀಸ್ ಹೆಸರಿನಲ್ಲಿ ‘ಕಾನಾರಿಂ ಭಾಷೆ’ ಎಂಬ ಮಾತಿದೆ. ಇದನ್ನು ನೋಡಿ ಕನ್ನಡದ ಮೊದಲ ಅಚ್ಚಾದ ವ್ಯಾಕರಣವೆಂದು ಹಿಗ್ಗುವವರುಂಟು. ಅದು ಕೊಂಕಣಿಯ ವ್ಯಾಕರಣ. ಪೋರ್ತುಗೀಸರು ಗೋವೆಯ ಜನರನ್ನೂ ಅವರ ನುಡಿಯನ್ನೂ ಆ ಹೆಸರಿನಿಂದ ಕರೆಯುತ್ತಿದ್ದರು. ಪರೀಕ್ಷೆಯಲ್ಲಿ ಇದನ್ನು ಕನ್ನಡದ ಲೆಕ್ಕಕ್ಕೆ ಬರೆಯಬೇಡಿ. ಕ್ರಿಸ್ತಪುರಾಣದ ಭಾಷೆಯಾದರೋ ಕೊಂಕಣಿಯ ಪದಗಳು ಬೆರೆತ ಮರಾಠಿ. ಜ್ಞಾನೇಶ್ವರಿಯ ಓವಿಯಲ್ಲಿ, ಸುಮಾರು ಹನ್ನೊಂದು ಸಾವಿರ ಪದ್ಯಗಳಲ್ಲಿ, ‘ಪೈಲೆಂ ಪುರಾಣ’, ‘ದುಸರೆಂ ಪುರಾಣ’ ಎಂಬ ಎರಡು ಭಾಗಗಳಾಗಿ ಅದು ಹರಿಯುತ್ತದೆ. ಮೊದಲನೆಯದು ಸೃಷ್ಟಿಯಿಂದ ಹಿಡಿದು ಪ್ರವಾದಿಗಳವರೆಗಿನ ಹಳೆಯ ಒಡಂಬಡಿಕೆಯ ಕಥೆ. ಎರಡನೆಯದು ಕ್ರಿಸ್ತನ ಚರಿತೆ. ನಮ್ಮ ಪದ್ಯದಲ್ಲಿ ಪ್ರಾಸವು ಸಾಲಿನ ಆದಿಯಲ್ಲಿ, ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ. ಓವಿಯಲ್ಲಿ ಮೊದಲ ಮೂರು ಚರಣಗಳ ಅಂತ್ಯದಲ್ಲಿ ಪ್ರಾಸ, ನಾಲ್ಕನೆಯದು ಗಿಡ್ಡದಾಗಿ ಪ್ರಾಸವಿಲ್ಲದೆ ಇಳಿಯುತ್ತದೆ. ಕೇಳುವ ಕಾವ್ಯಕ್ಕೆ ಹೇಳಿ ಮಾಡಿಸಿದ ಬಂಧ.

ಈ ಕೃತಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಭಾಷಾಪ್ರೇಮವನ್ನೇ ಎತ್ತಿಹಿಡಿಯುತ್ತಾರೆ. ಮರಾಠಿಯನ್ನು ಹೂಗಳಲ್ಲಿ ಮಲ್ಲಿಗೆಯ ಜಾತಿಗೆ, ಪಕ್ಷಿಗಳಲ್ಲಿ ನವಿಲಿಗೆ ಹೋಲಿಸಿದ ಭಾಗ ಮಹಾರಾಷ್ಟ್ರದ ಶಾಲಾಮಕ್ಕಳಿಗೂ ಗೊತ್ತು. ನಾನು ಇಲ್ಲಿ ಕೇಳಬಯಸುವ ಪ್ರಶ್ನೆ ಬೇರೆ. ಕ್ರಿಸ್ತನು ದೇವರೆಂದು ನಂಬಿದ ಮತ, ಆ ನಂಬಿಕೆಗೆ ಪ್ರಮಾಣಗ್ರಂಥವನ್ನೂ ಉಳ್ಳ ಮತ, ತನ್ನ ಗ್ರಂಥವನ್ನೇ ನೇರವಾಗಿ ಅನುವಾದಿಸಿ ಕೊಡದೆ ಪುರಾಣವೊಂದನ್ನು ಬರೆದುಕೊಟ್ಟದ್ದು ಏಕೆ? ಎರಡು ಶತಮಾನಗಳ ಅನಂತರ ಬಳ್ಳಾರಿಯಲ್ಲಿ ಅದೇ ಕ್ರಿಸ್ತನನ್ನು ಸಾರಿದವರು ಪುರಾಣವನ್ನು ಬಿಟ್ಟು ಇಡೀ ಬೈಬಲನ್ನು ಕನ್ನಡಿಸಿದ್ದು ಏಕೆ?

ಮೊದಲು ಕ್ರಿಸ್ತನ ವಿಚಾರ. ಆದಿಕ್ರೈಸ್ತರಲ್ಲಿ ಕ್ರಿಸ್ತನು ಯಾರೆಂಬ ಪ್ರಶ್ನೆ ಸುಲಭವಾಗಿ ಬಗೆಹರಿಯಲಿಲ್ಲ. ಅಲೆಕ್ಸಾಂಡ್ರಿಯಾದ ಅರಿಯಸ್ ಎಂಬ ಗುರುವು ಮಗನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟನೇ, ಅವನಿಲ್ಲದಿದ್ದ ಗಳಿಗೆಯೊಂದು ಇತ್ತು ಎಂದು ವಾದಿಸಿದನು. 325ರಲ್ಲಿ ನೈಸಿಯದಲ್ಲಿ ಸೇರಿದ ಧರ್ಮಸಭೆ ಅದನ್ನು ತಳ್ಳಿಹಾಕಿ, ಮಗನು ತಂದೆಯೊಡನೆ ಏಕಸತ್ತ್ವನು ಎಂದು ಸಾರಿತು. ಹಾಗಾದರೆ ಅವನ ಮನುಷ್ಯತ್ವ ತೋರಿಕೆಯದೇ? ಅದಕ್ಕೆ ಉತ್ತರ 451ರ ಕಾಲ್ಸೆಡನ್ ಸಭೆಯಲ್ಲಿ ದೊರೆಯಿತು: ವ್ಯಕ್ತಿ ಒಬ್ಬನೇ, ಸ್ವಭಾವಗಳು ಎರಡು, ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡೂ ಬೆರೆತುಹೋಗಿಲ್ಲ, ಬೇರ್ಪಟ್ಟೂ ಇಲ್ಲ. ದ್ವೈತಾದ್ವೈತಗಳ ಚರ್ಚೆಯನ್ನು ಓದಿದ ನಿಮಗೆ ಈ ಸೂಕ್ಷ್ಮ ಹೊಸದೆನಿಸಲಾರದು. ಮುಖ್ಯವಾದ ಸಂಗತಿಯೆಂದರೆ, ‘ಏಕಸತ್ತ್ವ’ ಎಂಬ ಅರ್ಥದ ಆ ಗ್ರೀಕ್ ಪದವು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಗ್ರಂಥದ ಅರ್ಥವನ್ನು ಕಾಪಾಡಲು ಗ್ರಂಥದಲ್ಲಿಲ್ಲದ ಪದವನ್ನು ತರಬೇಕಾಯಿತು. ನೈಸಿಯದಲ್ಲಿಯೇ ಗ್ರಂಥ ಮತ್ತು ಪರಂಪರೆಗಳ ಸಂಬಂಧದ ಪ್ರಶ್ನೆ ಹುಟ್ಟಿಕೊಂಡಿತೆನ್ನಬಹುದು.

ಹದಿನಾರನೆಯ ಶತಮಾನದಲ್ಲಿ ಅದು ಸ್ಫೋಟಿಸಿತು. ಗ್ರಂಥವೊಂದೇ ಅಂತಿಮ ಪ್ರಮಾಣವೆಂದು ಲೂಥರನ ಕಡೆಯವರು ಹೇಳಿದರು. 1546ರಲ್ಲಿ ಟ್ರೆಂಟಿನ ಸಭೆಯು ಗ್ರಂಥವನ್ನೂ ಪ್ರೇಷಿತರಿಂದ ಇಳಿದುಬಂದ ಪರಂಪರೆಯನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸಬೇಕೆಂದು ವಿಧಿಸಿತು. ಲ್ಯಾಟಿನ್ ಅನುವಾದವನ್ನೇ ಅಧಿಕೃತವೆಂದು ಸಾರಿತು. 1564ರ ನಿಷಿದ್ಧ ಗ್ರಂಥಗಳ ನಿಯಮಾವಳಿಯ ಪ್ರಕಾರ ದೇಶಭಾಷೆಯ ಬೈಬಲನ್ನು ಓದಲು ಅನುಮತಿ ಬೇಕಾಗುತ್ತಿತ್ತು. ಗಮನಿಸಿ: ಎರಡೂ ಪಕ್ಷಗಳಿಗೆ ಕ್ರಿಸ್ತನ ದೈವತ್ವದಲ್ಲಿ ಕಿಂಚಿತ್ತೂ ಭೇದವಿರಲಿಲ್ಲ. ನೈಸಿಯ, ಕಾಲ್ಸೆಡನ್‌ಗಳ ನಿರ್ಣಯ ಎರಡಕ್ಕೂ ಒಪ್ಪಿತ. ಭೇದವಿದ್ದುದು ಆ ದೈವತ್ವವನ್ನು ಯಾರ ಬಾಯಿಂದ ಕೇಳಬೇಕು ಎಂಬುದರಲ್ಲಿ.

ಸ್ಟೀಫನ್ಸನು ಈ ಬಿರುಕಿನ ನಡುವೆಯೇ ಹುಟ್ಟಿದವನು. ಅವನ ಇಂಗ್ಲೆಂಡಿನಲ್ಲಿ ಕಥೋಲಿಕನಾಗಿ ಬಾಳುವುದು ಅಪಾಯದ ಕೆಲಸವಾಗಿತ್ತು. ರೋಮಿಗೆ ಹೋಗಿ 1575ರಲ್ಲಿ ಯೇಸುಸಭೆಯನ್ನು ಸೇರಿದನು. 1611ರಲ್ಲಿ ಅವನ ತಾಯ್ನಾಡಿನಲ್ಲಿ ಜೇಮ್ಸ್ ದೊರೆಯ ಬೈಬಲು ಹೊರಬಂದಿತು. ಐದು ವರ್ಷಗಳ ಬಳಿಕ ಗೋವೆಯಲ್ಲಿ ಕ್ರಿಸ್ತಪುರಾಣ. ಒಂದೇ ದೇಶದ ಜನ, ಒಂದೇ ದಶಕ, ಒಂದೇ ದೇವರು. ಒಂದು ಕಡೆ ಗ್ರಂಥ, ಇನ್ನೊಂದು ಕಡೆ ಪುರಾಣ.

ಆದರೆ ಗೋವೆಯ ಪುರಾಣಕ್ಕೆ ಯುರೋಪಿನ ಕಾರಣವಷ್ಟೇ ಸಾಲದು. ಗೋವೆಯ ಕಾರಣವೂ ಇದೆ, ಅದು ನೋವಿನದು. 1560ರಲ್ಲಿ ಇಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಪೀಠ ಸ್ಥಾಪನೆಯಾಯಿತು. 1567ರ ಹೊತ್ತಿಗೆ ಸಾಷ್ಟಿಯ ದೇವಾಲಯಗಳನ್ನು ಕೆಡವಲಾಗಿತ್ತು. ಊರ ಜನರ ಕೈಯಲ್ಲಿದ್ದ ಪುರಾಣದ ಪ್ರತಿಗಳು ನಿಷಿದ್ಧವಾದವು, ವಶವಾದವು. ಸಾಷ್ಟಿಯ ಕೆಳೋಶಿಯವನಾದ ಕೃಷ್ಣದಾಸ ಶಾಮನು 1526ರಲ್ಲಿ ಕೃಷ್ಣಚರಿತೆಯನ್ನು ರಚಿಸಿದ್ದನು; ಅಂಥ ರಚನೆಗಳು ರೋಮನ್ ಲಿಪಿಯ ನಕಲುಗಳಾಗಿ ಇಂದು ಪೋರ್ತುಗಲ್ಲಿನ ಬ್ರಾಗಾ ನಗರದ ಗ್ರಂಥಾಲಯದಲ್ಲಿವೆ. ಪಾದ್ರಿಗಳು ಅವನ್ನು ನಕಲು ಮಾಡಿಸಿಕೊಂಡದ್ದು ಖಂಡಿಸುವುದಕ್ಕಾಗಿ ಮತ್ತು ಕಲಿಯುವುದಕ್ಕಾಗಿ. ಊರಿನಲ್ಲಿ ಹಾಡು ನಿಂತಿತು, ಪುಸ್ತಕ ಹಡಗನ್ನೇರಿತು.

ಕ್ರಿಸ್ತಪುರಾಣದ ಪೀಠಿಕೆಯಲ್ಲಿ ಈ ಶೂನ್ಯದ ಮಾತೇ ಬರುತ್ತದೆ. ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬನು ಪಾದ್ರಿಯನ್ನು ಕೇಳುತ್ತಾನೆ: ಹಿಂದಿನ ಪುರಾಣಗಳನ್ನು ನಮಗೆ ಬೇಡವೆಂದಿರಿ, ಅವುಗಳ ಜಾಗದಲ್ಲಿ ನಮಗೆ ಬೇರೊಂದನ್ನು ಏಕೆ ಕೊಡಲಿಲ್ಲ? ಇದು ನಾನು ನನ್ನ ಮಾತಿನಲ್ಲಿ ಹೇಳಿದ ತಾತ್ಪರ್ಯ. ಕೆಲವು ವಿಮರ್ಶಕರು ಇದನ್ನು ಕಾವ್ಯದ ಚಾತುರ್ಯವೆಂದು ಬದಿಗಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಬೇಡಿಕೆಯ ರೂಪದಲ್ಲಿದ್ದರೂ ಅದು ಆಪಾದನೆ. ಸ್ಟೀಫನ್ಸನು ಅದನ್ನು ತನ್ನ ಕೃತಿಯ ಬಾಗಿಲಲ್ಲೇ ಇರಗೊಟ್ಟನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಹಾಗೆಂದು ಅವನು ಆ ಆಡಳಿತದ ಹೊರಗಿನವನೂ ಅಲ್ಲ. ಕಸಿದುಕೊಂಡ ವ್ಯವಸ್ಥೆಯ ಒಳಗೇ ನಿಂತು ತುಂಬಿಕೊಡಲು ಯತ್ನಿಸಿದವನು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಈ ಕಾವ್ಯವನ್ನು ಓದಬೇಕು.

ಈಗ ಪ್ರಕಾರದ ಪ್ರಶ್ನೆಗೆ ಬರೋಣ. ಶ್ರುತಿ, ಸ್ಮೃತಿ, ಪುರಾಣ ಎಂಬ ಶ್ರೇಣಿಯಲ್ಲಿ ಪುರಾಣಕ್ಕೆ ಕೆಳಗಿನ ಸ್ಥಾನ. ಹಾಗಿದ್ದರೆ ಕ್ರಿಸ್ತನ ಕಥೆಯನ್ನು ಪುರಾಣವೆಂದದ್ದು ತನ್ನ ಗ್ರಂಥವನ್ನು ತಾನೇ ಇಳಿಸಿಕೊಂಡಂತಾಗಲಿಲ್ಲವೇ? ಇಲ್ಲಿ ನಾವು ಸ್ಥಾನವನ್ನಷ್ಟೇ ನೋಡಿ ಅಧಿಕಾರವನ್ನು ಮರೆಯಬಾರದು. ವೇದಕ್ಕೆ ಅಧಿಕಾರ ಕೆಲವರಿಗೆ ಮಾತ್ರ. ಪುರಾಣಕ್ಕೆ ಎಲ್ಲರೂ ಕೇಳುಗರು. ಹೆಂಗಸರಿಗೂ ಶೂದ್ರರಿಗೂ ತೆರೆದದ್ದು ಪುರಾಣವೇ. ಮೂಲವು ಪಂಡಿತರ ಬಳಿ ಇರುತ್ತದೆ, ಅದರ ಸಾರವನ್ನು ಬಲ್ಲವನು ಸಭೆಯಲ್ಲಿ ಹೇಳುತ್ತಾನೆ, ಸಂದೇಹ ಬಂದವರು ಕೇಳುತ್ತಾರೆ, ಅವನು ಬಗೆಹರಿಸುತ್ತಾನೆ. ಸೂತ–ಶೌನಕರ ಚೌಕಟ್ಟು ಅದು. ಕ್ರಿಸ್ತಪುರಾಣದಲ್ಲಿ ಸೂತನ ಪೀಠದಲ್ಲಿ ಪಾದ್ರಿ ಕುಳಿತಿದ್ದಾನೆ. ಲ್ಯಾಟಿನ್ ಬೈಬಲು ಅವನ ಹಿಂದಿದೆ, ಸಭಿಕರು ಅವನ ಮುಂದಿದ್ದಾರೆ. ಗ್ರಂಥವನ್ನು ಪರಂಪರೆಯ ಬಾಯಿಂದಲೇ ಕೇಳಬೇಕೆಂಬ ಟ್ರೆಂಟಿನ ನಿಲುವಿಗೆ ಇದಕ್ಕಿಂತ ಒಪ್ಪುವ ಭಾರತೀಯ ರೂಪ ಬೇರೆ ಸಿಕ್ಕುತ್ತಿತ್ತೇ? ಆದ್ದರಿಂದ ಪುರಾಣವು ಸ್ಟೀಫನ್ಸನಿಗೆ ಬರಿಯ ವೇಷವಾಗಿರಲಿಲ್ಲ. ಅವನ ಸಿದ್ಧಾಂತವೇ ಆ ರೂಪವನ್ನು ಬೇಡುತ್ತಿತ್ತು. ಕುತೂಹಲದ ವಿಷಯವೆಂದರೆ ಪುಸ್ತಕಕ್ಕೆ ಅಧಿಕೃತವಾಗಿ ಕೊಟ್ಟ ಪೋರ್ತುಗೀಸ್ ಹೆಸರಿನಲ್ಲಿ ಪುರಾಣ ಎಂಬ ಪದವಿಲ್ಲ. ನಮ್ಮ ರಕ್ಷಕನಾದ ಯೇಸುಕ್ರಿಸ್ತನು ಲೋಕಕ್ಕೆ ಬಂದುದರ ಕುರಿತ ಪ್ರವಚನ ಎಂಬ ಅರ್ಥದ ಹೆಸರು ಅದಕ್ಕಿತ್ತು. ಅನುಮತಿ ನೀಡುವವರಿಗೆ ಪ್ರವಚನ, ಕೇಳುವವರಿಗೆ ಪುರಾಣ.

ಲಿಪಿಯ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. 1608ರಲ್ಲಿ ರೋಮಿಗೆ ಬರೆದ ಪತ್ರದಲ್ಲಿ ಸ್ಟೀಫನ್ಸನು ನೆಲದ ಲಿಪಿಯಲ್ಲೇ ಪುಸ್ತಕ ಅಚ್ಚಾಗಬೇಕೆಂಬ ತನ್ನ ಹಂಬಲವನ್ನು ತೋಡಿಕೊಂಡಿದ್ದಾನೆ. ನಮ್ಮ ಅಕ್ಷರಮಾಲೆಗೆ ಆರುನೂರರಷ್ಟು ಅಚ್ಚುಗಳು ಬೇಕಾಗುತ್ತವೆಂಬ ತೊಡಕನ್ನೂ ಹೇಳಿದ್ದಾನೆ. ಕೊನೆಗೆ ಕಾವ್ಯ ಅಚ್ಚಾದದ್ದು ರೋಮನ್ ಲಿಪಿಯಲ್ಲಿ. ಆ ಲಿಪಿ ಓದಬಲ್ಲವರು ಕೆಲವರೇ. ಉಳಿದವರೆಲ್ಲ ಇಗರ್ಜಿಯಲ್ಲಿ ಕುಳಿತು ಕೇಳಿದರು.

ಕಾವ್ಯದೊಳಗೆ ದೈವತ್ವವು ಯಾವ ಪದಗಳಲ್ಲಿ ಮೈದಾಳುತ್ತದೆ? ಆರಂಭವು ಜ್ಞಾನೇಶ್ವರಿಯನ್ನು ನೆನಪಿಸುವ ನಮಸ್ಕಾರ. ಆದರೆ ನಮಸ್ಕಾರಕ್ಕೆ ಪಾತ್ರನು ತ್ರಿಯೇಕ ದೇವರು. ಸ್ವರ್ಗಕ್ಕೆ ‘ವೈಕುಂಠ’ ಎಂಬ ಪದವನ್ನೇ ಸ್ಟೀಫನ್ಸ್ ನಿಸ್ಸಂಕೋಚವಾಗಿ ತೆಗೆದುಕೊಂಡಿದ್ದಾನೆ. ಪವಿತ್ರಾತ್ಮನಿಗಾದರೋ ‘ಸ್ಪಿರಿತು ಸಾಂತು’ ಎಂದು ಪರಭಾಷೆಯ ಹೆಸರೇ. ಎಲ್ಲಿ ನೆಲದ ಪದ, ಎಲ್ಲಿ ಆಮದಿನ ಪದ ಎಂಬ ಈ ಆಯ್ಕೆ ಕಾಕತಾಳೀಯವಲ್ಲ. ಸ್ಥಳಕ್ಕೆ ಹಳೆಯ ಹೆಸರು ನಡೆಯುತ್ತದೆ. ದೇವರ ಅಂತರಂಗಕ್ಕೆ ಹಳೆಯ ಹೆಸರಿಟ್ಟರೆ ಹಳೆಯ ಅರ್ಥವೂ ಒಳನುಗ್ಗೀತು ಎಂಬ ಭಯ.

ಆ ಭಯ ಹೆಚ್ಚು ಕಾಡುವ ಪದ ‘ಅವತಾರ’. ಅವತಾರಗಳು ಹಲವು, ಕಾಲ್ಸೆಡನ್ನಿನ ಕ್ರಿಸ್ತನು ಮನುಷ್ಯನಾದದ್ದು ಒಮ್ಮೆ ಮಾತ್ರ, ಮತ್ತು ಆ ಮನುಷ್ಯತ್ವವನ್ನು ಅವನು ಕಳಚಿಡುವುದಿಲ್ಲ. ನಮ್ಮ ಉಡುಪಿಯ ಮಧ್ವಮತದಲ್ಲಿ ವಿಷ್ಣುವಿನ ಅವತಾರದೇಹ ಅಪ್ರಾಕೃತ. ಅದಕ್ಕೆ ನಿಜವಾದ ನೋವಿಲ್ಲ, ಸಾವಿಲ್ಲ. ಕ್ರೈಸ್ತ ಸಿದ್ಧಾಂತಕ್ಕೆ ಇದು ಸಲ್ಲದು. ಶಿಲುಬೆಯ ಮೇಲಿನ ನೋವು ನಿಜವಾಗದಿದ್ದರೆ ಅವರ ರಕ್ಷಣೆಯ ವಿಚಾರವೇ ಕುಸಿಯುತ್ತದೆ. ಹೀಗಿದ್ದೂ ಬಹುಕಾಲ ಬಳಕೆಯಲ್ಲಿರುವ ಕನ್ನಡ ಸತ್ಯವೇದದ ಅನುವಾದವು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ‘ನರಾವತಾರ’ ಎಂಬ ಪದವನ್ನು ಬಳಸಿದೆ. ಗ್ರೀಕಿನ ಮೂಲದಲ್ಲಿರುವುದು ‘ಮಾಂಸವಾಯಿತು’ ಎಂಬ ಒರಟು ಮಾತು. ಒರಟುತನ ಕನ್ನಡದಲ್ಲಿ ನಯವಾಯಿತು. ಅರ್ಥ ಸ್ವಲ್ಪ ಸರಿಯಿತು. ಆದರೂ ಕನ್ನಡಿಗನ ಕಿವಿಗೆ ಅದು ತಟ್ಟನೆ ತಲುಪಿತೆಂಬುದನ್ನು ಅಲ್ಲಗಳೆಯಲಾಗದು.

ಅದೇ ಅಧ್ಯಾಯದ ಇನ್ನೊಂದು ತೊಡಕು ವ್ಯಾಕರಣದ್ದು. ನಮ್ಮ ತರಗತಿಗೆ ಇದು ಧರ್ಮಶಾಸ್ತ್ರಕ್ಕಿಂತ ಹತ್ತಿರದ ವಿಷಯ. ಯೋಹಾನನು ಕ್ರಿಸ್ತನನ್ನು ಆದಿಯಲ್ಲಿದ್ದ ‘ಲೋಗೋಸ್’ ಎನ್ನುತ್ತಾನೆ. ಗ್ರೀಕಿನಲ್ಲಿ ಆ ಪದ ಪುಲ್ಲಿಂಗ. ಹಾಗಾಗಿ ಪದದಿಂದ ವ್ಯಕ್ತಿಗೆ ದಾಟುವುದು ಸಲೀಸು. ಮರಾಠಿಯಲ್ಲಿಯೂ ತೊಂದರೆಯಿಲ್ಲ. ನಾನು ಎರಡೂ ಭಾಷೆಗಳಲ್ಲಿ ಶಾಲೆ ಕಲಿತವನಾದ್ದರಿಂದ ಈ ವ್ಯತ್ಯಾಸ ನನಗೆ ಮೊದಲು ಕಿವಿಯಿಂದಲೇ ತಿಳಿಯಿತು. ಮರಾಠಿಯ ‘ಶಬ್ದ’ ಪುಲ್ಲಿಂಗ. ‘ಶಬ್ದ ಹೋತಾ’ ಎಂದರೆ ಇದ್ದದ್ದು ವಸ್ತುವೋ ವ್ಯಕ್ತಿಯೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಕನ್ನಡ ಹಾಗಲ್ಲ. ಕೇಶಿರಾಜನು ಲಿಂಗದ ಬಗೆಗಳನ್ನು ಹಲವಾಗಿ ಎಣಿಸಿದರೂ ನಮ್ಮ ನುಡಿಯ ಮೂಲಧರ್ಮ ಒಂದೇ: ಪುರುಷನನ್ನು ಹೇಳುವುದು ಪುಲ್ಲಿಂಗ, ಸ್ತ್ರೀಯನ್ನು ಹೇಳುವುದು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ವಾಕ್ಯ, ಶಬ್ದ, ಮಾತು, ನುಡಿ ಯಾವುದನ್ನು ತೆಗೆದುಕೊಂಡರೂ ‘ಇತ್ತು’ ಎನ್ನಬೇಕೇ ಹೊರತು ‘ಇದ್ದನು’ ಎನ್ನಲಾಗದು. ಸತ್ಯವೇದದ ಅನುವಾದಕರು ‘ವಾಕ್ಯ’ವನ್ನು ಆರಿಸಿ ನಪುಂಸಕದಲ್ಲಿಯೇ ಆರಂಭಿಸಿದರು, ಬಳಿಕ ‘ಎಂಬವನು’ ಎಂಬ ಸೇತುವೆ ಕಟ್ಟಿ ಪುಲ್ಲಿಂಗಕ್ಕೆ ದಾಟಿದರು. ಅರಿಯಸ್ಸಿಗೂ ನೈಸಿಯದ ಪಿತೃಗಳಿಗೂ ನಡೆದ ವಿವಾದ ಕನ್ನಡದಲ್ಲಿ ಒಂದು ಪ್ರತ್ಯಯದ ಮೇಲೆ ಬಂದು ನಿಂತಿದೆ! ಇದು ಕನ್ನಡದ ಬಡತನವಲ್ಲ. ಲ್ಯಾಟಿನ್ನಿನ ‘ವೆರ್ಬುಮ್’ ಕೂಡ ನಪುಂಸಕವೇ. ಇಂಗ್ಲಿಷಿನಲ್ಲಿ ಟಿಂಡೇಲನು ಮೂರನೆಯ ವಚನದಲ್ಲಿ ವಾಕ್ಯವನ್ನು ‘ಅದು’ ಎಂದು ಸೂಚಿಸಿದ್ದನು. ಜೇಮ್ಸ್ ದೊರೆಯ ಬೈಬಲು ಅಲ್ಲಿ ‘ಅವನು’ ಎಂದು ಬದಲಿಸಿತು.

ಗೌರವಸೂಚಕ ಬಹುವಚನದ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡಬಹುದು. ಹಳೆಯ ಸತ್ಯವೇದದಲ್ಲಿ ಯೇಸು ‘ಹೇಳಿದನು’. ಈಚಿನ ಸರಳ ಅನುವಾದದಲ್ಲಿ ‘ಹೇಳಿದರು’. ಹೊಸ ರೂಪ ಸಭ್ಯವಾಗಿದೆ. ಆದರೆ ಕನ್ನಡದಲ್ಲಿ ಬಹುವಚನವನ್ನು ಕೊಡುವುದು ದೊಡ್ಡ ಮನುಷ್ಯರಿಗೆ. ದೇವರನ್ನು ವಚನಕಾರರೂ ದಾಸರೂ ‘ನೀನು’ ಎಂದೇ ಕರೆದರು. ‘ಹೇಳಿದರು’ ಎಂದಾಗ ಒಬ್ಬ ಗುರು ಕಾಣುತ್ತಾನೆ, ‘ಹೇಳಿದನು’ ಎಂದಾಗ ದೇವರು ಕಾಣುತ್ತಾನೆ. ನನ್ನ ಒಲವು ಹಳೆಯದರತ್ತ.

ಕನ್ನಡಕ್ಕೆ ಇಡೀ ಬೈಬಲು ಬಂದದ್ದು 1831ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನಡೆಸಿದ ದೀರ್ಘ ದುಡಿಮೆಯಿಂದ. ಆ ಪರಂಪರೆಯ ಪುಸ್ತಕಕ್ಕೆ ‘ಸತ್ಯವೇದ’ ಎಂಬ ಹೆಸರು ನೆಲೆಗೊಂಡಿತು. ಹೆಸರನ್ನೇ ನೋಡಿ. ಪುರಾಣವಲ್ಲ, ವೇದ, ಶ್ರೇಣಿಯ ತುತ್ತತುದಿ. ಆದರೆ ಕೆಲವರ ವೇದವಲ್ಲ. ಮಾರುಕಟ್ಟೆಯಲ್ಲಿ ಕೊಳ್ಳಬಹುದಾದ, ಯಾರು ಬೇಕಾದರೂ ಓದಬಹುದಾದ ವೇದ. ಸ್ಥಾನ ವೇದದ್ದು, ಅಧಿಕಾರ ಪುರಾಣದ್ದು. ಗ್ರಂಥವೇ ಪ್ರಮಾಣವೆಂಬ ಪ್ರೊಟೆಸ್ಟಂಟ್ ನಿಲುವನ್ನು ಕನ್ನಡದ ಎರಡು ಪದಗಳು ಹೀಗೆ ನುಡಿದುಬಿಟ್ಟವು. ಎರಡು ಪಂಗಡಗಳ ಈ ಭೇದ ಇಂದಿಗೂ ಕನ್ನಡ ಪರಿಭಾಷೆಯಲ್ಲಿ ಉಳಿದಿದೆ: ಒಬ್ಬರಿಗೆ ‘ಸುವಾರ್ತೆ’, ಇನ್ನೊಬ್ಬರಿಗೆ ‘ಶುಭಸಂದೇಶ’, ಒಬ್ಬರಿಗೆ ‘ನಂಬಿಕೆ’, ಇನ್ನೊಬ್ಬರಿಗೆ ‘ವಿಶ್ವಾಸ’. ಪುಸ್ತಕಗಳ ಎಣಿಕೆಯೂ ಬೇರೆ, 66 ಮತ್ತು 73.

ಅತ್ತ ಕ್ರಿಸ್ತಪುರಾಣದ ಗತಿಯೇನಾಯಿತು? 1649 ಮತ್ತು 1654ರಲ್ಲಿ ಮರುಮುದ್ರಣ ಕಂಡಿತು. 1684ರಲ್ಲಿ ಪೋರ್ತುಗೀಸ್ ಆಡಳಿತವು ದೇಶಭಾಷೆಯನ್ನೇ ಕೈಬಿಡಬೇಕೆಂದು ಆಜ್ಞೆ ಹೊರಡಿಸಿತು. ಮೂರು ಮುದ್ರಣಗಳ ಒಂದು ಪ್ರತಿಯೂ ಕಣ್ಣಿಗೆ ಬಿದ್ದಿಲ್ಲ. ಕಾವ್ಯವನ್ನು ಉಳಿಸಿದವರು ಗೋವೆಯನ್ನು ಬಿಟ್ಟು ಕನ್ನಡ ಕರಾವಳಿಗೆ ಬಂದ ಕ್ರೈಸ್ತ ಕುಟುಂಬಗಳು. ಅವರು ಕೈಬರಹದ ಪ್ರತಿಗಳನ್ನು ಮಾಡಿಕೊಂಡು ಮನೆಗಳಲ್ಲಿ ಓದಿದರು. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಸೆರೆಯಲ್ಲಿ ಈ ಪುರಾಣವೇ ಅವರಿಗೆ ಸಮಾಧಾನವಾಗಿತ್ತೆಂಬ ಹೇಳಿಕೆ ಮಂಗಳೂರಿನಲ್ಲಿದೆ. ಅಂಥ ಹಸ್ತಪ್ರತಿಗಳಿಂದ ಜೋಸೆಫ್ ಎಲ್. ಸಲ್ಡಾನರು ಸಂಪಾದಿಸಿದ ಆವೃತ್ತಿ 1907ರಲ್ಲಿ ಮಂಗಳೂರಿನ ಬೋಳಾರದಲ್ಲಿ ಅಚ್ಚಾಯಿತು. ಗೋವೆಯಲ್ಲಿ ಹುಟ್ಟಿದ ಮರಾಠಿ ಕಾವ್ಯಕ್ಕೆ ಮರುಜನ್ಮ ಕೊಟ್ಟದ್ದು ಕನ್ನಡ ನಾಡು.

ಅದೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಇದ್ದರು. ಅವರನ್ನು ನಾವು 1894ರ ನಿಘಂಟಿನಿಂದ, 1872ರ ಶಬ್ದಮಣಿದರ್ಪಣದ ಸಂಪಾದನೆಯಿಂದ, 1875ರ ಛಂದೋಂಬುಧಿಯಿಂದ ಬಲ್ಲೆವು. ಇವೆಲ್ಲಕ್ಕೂ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ಯನ್ನು ಹೊರತಂದರು: ಕ್ರಿಸ್ತನ ಚರಿತೆ, ದೇಶೀಯ ಛಂದಸ್ಸುಗಳಲ್ಲಿ. ಅವರ ಕೈಯಲ್ಲಿ ಆಗಲೇ ಇಡೀ ಸತ್ಯವೇದ ಕನ್ನಡದಲ್ಲಿತ್ತು, ಗ್ರಂಥವೊಂದೇ ಸಾಕೆಂಬ ಸಿದ್ಧಾಂತವೂ ಅವರದಾಗಿತ್ತು. ಆದರೂ ಕ್ರಿಸ್ತನನ್ನು ಹಾಡಿ ಹೇಳಬೇಕೆನಿಸಿತು. ಗೋವೆಯ ಕಥೋಲಿಕರು ಎದುರು ದಿಕ್ಕಿನಿಂದ ನಡೆದುಬಂದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಭೆಯು ಗ್ರಂಥವೂ ಪರಂಪರೆಯೂ ಒಂದೇ ಒರತೆಯಿಂದ ಹೊಮ್ಮುವವೆಂದು ಮತ್ತೆ ಹೇಳುತ್ತಲೇ, ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೆ ಅಗಲವಾಗಿ ತೆರೆದಿರಬೇಕೆಂದಿತು. ಗೋವೆಯ ಧರ್ಮಪ್ರಾಂತದಿಂದ ರೋಮನ್ ಲಿಪಿಯ ಕೊಂಕಣಿ ಬೈಬಲು ‘ಪವಿತ್ರ್ ಪುಸ್ತಕ್’ ಪ್ರಕಟವಾದದ್ದು 2006ರಲ್ಲಿ, ಕ್ರಿಸ್ತಪುರಾಣ ಅಚ್ಚಾದ 390 ವರ್ಷಗಳ ಮೇಲೆ.

ಮುಂದಿನ ವಾರದ ತರಗತಿಗೆ ಯೋಹಾನನ ಮೊದಲ ಅಧ್ಯಾಯದ ಹದಿನೆಂಟು ವಚನಗಳನ್ನು ಹಳೆಯ ಸತ್ಯವೇದದಿಂದಲೂ ಹೊಸ ಅನುವಾದದಿಂದಲೂ ಬರೆದುಕೊಂಡು ಬನ್ನಿ. ಮರಾಠಿ ಬಲ್ಲವರು ಮರಾಠಿಯದನ್ನೂ ತನ್ನಿ. ‘ಇತ್ತು’ ಎಂಬುದು ಯಾವ ವಚನದಲ್ಲಿ ‘ಇದ್ದನು’ ಅಥವಾ ‘ಇದ್ದರು’ ಆಗುತ್ತದೆಂಬುದರ ಕೆಳಗೆ ಗೆರೆ ಎಳೆದಿಡಿ. ಚರ್ಚೆಯನ್ನು ಅಲ್ಲಿಂದ ಆರಂಭಿಸೋಣ.